ಎಡ ಸ್ತನದ ರೇಡಿಯೇಷನ್: ಪ್ಲಾನ್ ಸಾಫ್ಟ್‌ವೇರ್ ಮಾಡಿದರೆ ನಂಬಬಹುದಾ?

ಪ್ರಶ್ನೆ: ಅಮ್ಮನಿಗೆ ಎಡ ಸ್ತನದ ಆಪರೇಷನ್ ಆಗಿದೆ. ಇನ್ನು 15 ಸಿಟ್ಟಿಂಗ್ ರೇಡಿಯೇಷನ್. ಕಿರಣ ಎಲ್ಲಿಗೆ, ಎಷ್ಟು ಕೊಡಬೇಕು ಅನ್ನೋ ಪ್ಲಾನ್ ಸಾಫ್ಟ್‌ವೇರೇ ಮಾಡುತ್ತಂತೆ. ಹೃದಯ ಪಕ್ಕದಲ್ಲೇ ಇದೆಯಲ್ಲ, ಭಯ ಆಗ್ತಿದೆ.

ಉತ್ತರ: ನಾನು ಮೆಡಿಕಲ್ ಫಿಸಿಸಿಸ್ಟ್, ರೇಡಿಯೇಷನ್ ಪ್ಲಾನ್ ನೋಡೋದೇ ನನ್ನ ಕೆಲಸ. ಸಿಟಿ ಸ್ಕ್ಯಾನ್ ಮೇಲೆ ಹೃದಯ, ಶ್ವಾಸಕೋಶದ ಗೆರೆ ಎಳೆದು, ಎದೆಗೋಡೆಗೆ ಓರೆಯಾಗಿ ಎರಡು ಕಡೆಯಿಂದ ಕಿರಣ ಜೋಡಿಸುವುದನ್ನು ಸಾಫ್ಟ್‌ವೇರ್ ನಿಮಿಷಗಳಲ್ಲಿ ಮುಗಿಸುತ್ತೆ. ಆದರೆ ಆಪರೇಷನ್ ಆದ ಜಾಗದಲ್ಲಿ ನೀರು ತುಂಬಿದ್ದರೆ ಗೆರೆ ತಪ್ಪಬಹುದು. ಅದಕ್ಕೇ ಸ್ಕ್ಯಾನ್‌ನ ಒಂದೊಂದು ಸ್ಲೈಸೂ (ಪದರದ ಚಿತ್ರ) ನೋಡಿ ತಿದ್ದುತ್ತೇನೆ. ಡಾಕ್ಟರ್ ಒಪ್ಪದೆ ಯಾವ ಪ್ಲಾನೂ ಮೆಷಿನ್‌ಗೆ ಹೋಗಲ್ಲ. ಉಸಿರು ಬಿಗಿಹಿಡಿಸಿ ಕೊಡುವ ವಿಧಾನ ಇದೆಯಾ ಅಂತ ಖಂಡಿತ ಕೇಳಿ. ಆಗ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತೆ.

ಇನ್ನೊಬ್ಬರು: ನನಗೂ ಎಡಗಡೆಯೇ. ಉಸಿರು ಹಿಡಿಯೋದನ್ನ ಮನೆಯಲ್ಲೇ ರೂಢಿ ಮಾಡಿಸಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಅಮ್ಮನಿಗೆ ಆಸ್ತಮಾ ಇದೆ, ಆಗುತ್ತಾ?

ಉತ್ತರ: ಒಂದು ಸಲಕ್ಕೆ ಸುಮಾರು 20 ಸೆಕೆಂಡ್ ಹಿಡಿದರೆ ಸಾಕು. ಸ್ಕ್ಯಾನ್‌ಗೆ ಮುಂಚೆ ಪರೀಕ್ಷಿಸುತ್ತಾರೆ, ಆಸ್ತಮಾ ವಿಷಯ ಮೊದಲೇ ಹೇಳಿಬಿಡಿ.