ಇಂಜೆಕ್ಷನ್ ಹಾಕುವಾಗ ಮಗುವಿಗೆ ಹಾಲು ಕುಡಿಸಬಹುದಾ?

ಪ್ರಶ್ನೆ (ಶಿಡ್ಲಘಟ್ಟದಿಂದ ಒಬ್ಬ ತಾಯಿ): ಮೇಡಂ, ಮಗಳಿಗೆ ಮೂರೂವರೆ ತಿಂಗಳು. ಗುರುವಾರ ಮೂರನೇ ಪೆಂಟಾ (ಐದು ಕಾಯಿಲೆ ತಡೆಯೋ ಲಸಿಕೆ) ಇದೆ. ಹೋದ ಸಲ ಟೇಬಲ್ ಮೇಲೆ ಮಲಗಿಸಿ, ಕಾಲು ಬಿಗಿಯಾಗಿ ಹಿಡ್ಕೊಳ್ಳಿ ಅಂದರು. ಉಸಿರು ಕಟ್ಟೋ ಹಾಗೆ ಅತ್ತಳು. ನಮ್ಮತ್ತೆ "ಎಳೇ ಕೂಸಿಗೆ ಏನು ನೋವು ಗೊತ್ತಾಗುತ್ತೆ" ಅಂತಾರೆ. ಹೋಗೋಕೆ ಮುಂಚೆ ಪ್ಯಾರಾಸಿಟಮಾಲ್ ಡ್ರಾಪ್ಸ್ ಹಾಕಲಾ?

ಉತ್ತರ (ಮಕ್ಕಳ ಡಾಕ್ಟರ್, ಚಿಕ್ಕಬಳ್ಳಾಪುರ): ನಿಮ್ಮತ್ತೆ ಮೇಲೆ ಬೇಜಾರು ಮಾಡ್ಕೋಬೇಡಿ. ಡಾಕ್ಟರುಗಳೇ ಹಾಗೆ ನಂಬಿದ್ದರು. 1980ರ ದಶಕದಲ್ಲೂ ಹಸುಗೂಸುಗಳಿಗೆ ಅರೆಬರೆ ಅರಿವಳಿಕೆಯಲ್ಲೇ ಆಪರೇಷನ್ ಆಗುತ್ತಿತ್ತು. ನಮ್ಮ ದೇಶದಿಂದ ಆಕ್ಸ್‌ಫರ್ಡ್‌ಗೆ ಓದಲು ಹೋಗಿದ್ದ ಕನ್ವಲ್‌ಜೀತ್ ಆನಂದ್ ಮತ್ತು ಜೊತೆಯವರು 1987ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ತೋರಿಸಿದರು: ಸರಿಯಾಗಿ ನೋವಿನ ಔಷಧಿ ಕೊಟ್ಟ ಕೂಸುಗಳು ಆಪರೇಷನ್ ಆದಮೇಲೆ ಚೆನ್ನಾಗಿ ಚೇತರಿಸಿಕೊಂಡವು. ನೋವು ಗೊತ್ತಾಗಲ್ಲ ಅನ್ನೋ ನಂಬಿಕೆ ಆಮೇಲೆ ಕಡಿಮೆಯಾಗುತ್ತಾ ಬಂತು.

ಗುರುವಾರ ಹೀಗೆ ಮಾಡಿ. ಮಲಗಿಸಬೇಡಿ, ಮಡಿಲಲ್ಲೇ ಎತ್ತಿಕೊಂಡು ಕೂತುಕೊಳ್ಳಿ. ಸೂಜಿಗೆ ಮೊದಲೇ ಎದೆಗೆ ಹಾಕಿಕೊಳ್ಳಿ. ಮಗು ಮೊಲೆ ಚೆನ್ನಾಗಿ ಬಾಯಲ್ಲಿ ಹಿಡಿದು ಚೀಪಲು ಶುರು ಮಾಡಿದ ಮೇಲೆ ಅದರ ತೊಡೆ ಬಿಚ್ಚಿ ಕೊಡಿ. ಚುಚ್ಚುವಾಗ ಬಿಡಿಸಬೇಡಿ, ಆಮೇಲೂ ಒಂದಷ್ಟು ಹೊತ್ತು ಕುಡಿಯಲಿ. ಹಾಲು ಗಂಟಲಿಗೆ ಸಿಕ್ಕಿಕೊಳ್ಳುತ್ತೆ ಅಂತ ಕೆಲವರು ಹೆದರಿಸುತ್ತಾರೆ, ಹಾಗೇನೂ ಆಗಲ್ಲ. ಸೂಜಿ ಹೊತ್ತಿಗೆ ಎದೆಹಾಲು ಕುಡಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ನಾವು ತಾಯಿ ಕಾರ್ಡಿನಲ್ಲಿ ತಾರೀಖು ಬರೆದು ಕಳಿಸುತ್ತೀವಿ, ಇದನ್ನು ಮಾತ್ರ ಬಾಯಿಬಿಟ್ಟು ಹೇಳಲ್ಲ. ನಾನೂ ಎಷ್ಟೋ ವರ್ಷ ಹೇಳಿರಲಿಲ್ಲ.

ಡ್ರಾಪ್ಸ್ ಮುಂಚೆ ಬೇಡ. ಸೂಜಿ ನೋವಿಗೆ ಅದು ಕೆಲಸ ಮಾಡಲ್ಲ. ಆಮೇಲೆ ಜ್ವರ ಬಂದು ಮಗು ಕಿರಿಕಿರಿ ಮಾಡಿದರೆ ತೂಕ ನೋಡಿ ಕೊಡೋದು. ಬಾಟಲಿ ಮಾತ್ರ ಓದಿ! ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತೆ, ಸಿರಪ್‌ನಲ್ಲಿ 5 ಎಂಎಲ್‌ಗೆ 125. ಸಿರಪ್ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಹೋಗುತ್ತೆ.

ಒಬ್ಬ ಆಶಾ ಕಾರ್ಯಕರ್ತೆ: ಮೇಡಂ, ಅಂಗನವಾಡೀಲಿ ಕ್ಯೂ ಇರುತ್ತೆ. ಒಬ್ಬೊಬ್ಬರು ಹಾಲು ಕುಡಿಸ್ತಾ ಕೂತರೆ ಸಿಸ್ಟರ್ ಬೈತಾರೆ.

ಉತ್ತರ: ಕ್ಯೂನಲ್ಲಿ ಮುಂದಿರೋ ತಾಯಿಗೆ ನೀವೇ "ಈಗಲೇ ಶುರು ಮಾಡಮ್ಮ" ಅನ್ನಿ. ಅವರ ಸರದಿ ಬರುವಷ್ಟರಲ್ಲಿ ಮಗು ಚೀಪುತ್ತಾ ಇರುತ್ತೆ. ಒಂದು ಸೀರೆ ಅಡ್ಡ ಕಟ್ಟಿದರೆ ಇನ್ನೂ ಒಳ್ಳೆಯದು.

ಚಿಂತಾಮಣಿಯಿಂದ ಒಬ್ಬ ತಂದೆ: ನಮ್ಮ ಹುಡುಗನಿಗೆ ಐದು ತುಂಬಿತು, ಡಿಪಿಟಿ ಬೂಸ್ಟರ್ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯೋ ಲಸಿಕೆಯ ಮರುಡೋಸ್) ಇದೆ. ನೋವೇ ಆಗಲ್ಲ ಕಣೋ ಅಂತ ಹೇಳಿ ಕರ್ಕೊಂಡು ಹೋಗಲಾ?

ಉತ್ತರ: ಸುಳ್ಳು ಬೇಡ, ಮುಂದಿನ ಸಲ ನಂಬಲ್ಲ. ಚುರ್ ಅನ್ನುತ್ತೆ, ಬೇಗ ಹೋಗುತ್ತೆ ಅನ್ನಿ. ಮಡಿಲಲ್ಲಿ ಕೂರಿಸಿಕೊಂಡು ಜಾತ್ರೆ ಗಿರಗಿಟ್ಲೆ ಕೈಗೆ ಕೊಡಿ, ಸೂಜಿ ಹೊತ್ತಿಗೆ ಜೋರಾಗಿ ಊದಲಿ. ಇನ್ನೊಂದು, "ಊಟ ಮಾಡು, ಇಲ್ಲಾಂದ್ರೆ ಸೂಜಿ ಹಾಕಿಸ್ತೀನಿ" ಅನ್ನೋದನ್ನ ಇವತ್ತೇ ನಿಲ್ಲಿಸಿ.

ಅದೇ ತಂದೆ: ಅದು ನಮ್ಮನೇಲಿ ದಿನಾ ರಾತ್ರಿ ನಡೆಯುತ್ತೆ ಮೇಡಂ 😀