1997ರಲ್ಲಿ ನಮ್ಮ ಟೆರಿಟರಿಯ ದಯಾಮರಣ ಕಾನೂನು ರದ್ದಾದದ್ದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯ ರಾಜಧಾನಿ ಡಾರ್ವಿನ್‌ನಲ್ಲಿ ನರ್ಸ್. 1995ರಲ್ಲೇ ಇಲ್ಲಿ ದಯಾಮರಣಕ್ಕೆ ಅವಕಾಶ ಕೊಡುವ ಕಾಯ್ದೆ ಬಂದಿತ್ತಂತೆ, ಆಮೇಲೆ ಫೆಡರಲ್ (ಇಡೀ ದೇಶದ) ಸಂಸತ್ತು ಅದನ್ನು ರದ್ದು ಮಾಡಿತಂತೆ. ಆದರೆ ವಿಕ್ಟೋರಿಯಾದಲ್ಲಿ ಆಮೇಲೆ ಬಂದ ಇಂಥದ್ದೇ ಕಾನೂನನ್ನು ಯಾರೂ ಮುಟ್ಟಲಿಲ್ಲ. ಆಸ್ಪತ್ರೆ, ಚಿಕಿತ್ಸೆ ಎಲ್ಲ ಸ್ಥಳೀಯ ಸರ್ಕಾರದ್ದೇ ಅಲ್ವಾ? ನಮಗೆ ಮಾತ್ರ ಯಾಕೆ ಹೀಗೆ?

ಉತ್ತರ (ವಕೀಲರು): ವಿಕ್ಟೋರಿಯಾ ಒಂದು ರಾಜ್ಯ, ನಿಮ್ಮದು ಟೆರಿಟರಿ, ಅಂದರೆ ರಾಜ್ಯದ ಸ್ಥಾನ ಇಲ್ಲದ ಪ್ರದೇಶ. ಎಲ್ಲ ವ್ಯತ್ಯಾಸವೂ ಅಲ್ಲೇ ಇದೆ.

ರಾಜ್ಯಗಳ ವಿಷಯದಲ್ಲಿ ಫೆಡರಲ್ ಸಂಸತ್ತಿನ ಕೈ ಕಟ್ಟಿದೆ. ಸಂವಿಧಾನ ಪಟ್ಟಿ ಮಾಡಿಕೊಟ್ಟ ವಿಷಯಗಳ ಮೇಲೆ ಮಾತ್ರ ಅದು ಕಾನೂನು ಮಾಡಬಹುದು, ಆ ಪಟ್ಟಿಯಲ್ಲಿ ದಯಾಮರಣ ಇಲ್ಲ. ಟೆರಿಟರಿಗಳಿಗೆ ಅನ್ವಯಿಸುವುದು ಸಂವಿಧಾನದ ಸೆಕ್ಷನ್ 122. ಅದರ ಪ್ರಕಾರ ಟೆರಿಟರಿಯ ಆಡಳಿತಕ್ಕೆ ಸಂಸತ್ತು ಯಾವ ವಿಷಯದ ಮೇಲಾದರೂ ಕಾನೂನು ಮಾಡಬಹುದು. ನಿಮ್ಮ ಶಾಸನಸಭೆಗೆ ಅಧಿಕಾರ ಬಂದದ್ದು ಸಂವಿಧಾನದಿಂದಲ್ಲ, 1978ರ ಸ್ವಯಂ ಆಡಳಿತ ಕಾಯ್ದೆಯಿಂದ. ಅದು ಸಂಸತ್ತು ಮಾಡಿದ ಸಾಧಾರಣ ಕಾಯ್ದೆ, ಸಂಸತ್ತು ಬೇಕೆಂದಾಗ ತಿದ್ದಬಹುದು.

1997ರಲ್ಲಿ ಆದದ್ದು ಅದೇ. ನಿಮ್ಮ ಕಾಯ್ದೆ 1996ರ ಜುಲೈ 1ರಿಂದ ಜಾರಿಯಲ್ಲಿತ್ತು, ನಾಲ್ಕು ಜನ ಅದನ್ನು ಬಳಸಿಕೊಂಡಿದ್ದರು. ಸಂಸದ ಕೆವಿನ್ ಆಂಡ್ರೂಸ್ ತಂದ ಖಾಸಗಿ ಮಸೂದೆ ಪಾಸಾಗಿ, ದಯಾಮರಣದ ಬಗ್ಗೆ ಕಾನೂನು ಮಾಡುವ ಅಧಿಕಾರವನ್ನೇ ಟೆರಿಟರಿಗಳಿಂದ ಕಿತ್ತುಕೊಂಡಿತು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪು ಹುಡುಕೋದು ಕಷ್ಟ. ಆದರೂ ನನಗೆ ಇದು ಅನ್ಯಾಯವೇ. ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ಒಂದೊಂದು ರಾಜ್ಯಕ್ಕೂ 12 ಸದಸ್ಯರಿದ್ದರೆ ಟೆರಿಟರಿಗೆ ಇರೋದು ಇಬ್ಬರೇ. ನಿಮ್ಮ ಸಾವಿನ ಬಗ್ಗೆ ನಿಮ್ಮ ಪ್ರತಿನಿಧಿಗಳು ಮಾಡಿದ ತೀರ್ಮಾನವನ್ನು ನೀವು ಓಟು ಹಾಕದವರು ಅಳಿಸಿಬಿಟ್ಟರು.

ಪ್ರಶ್ನೆ: ಆ ತಡೆ ಈಗಲೂ ಇದೆಯಾ ಮೇಡಂ?

ಉತ್ತರ: ಇಲ್ಲ. 2022ರ ಡಿಸೆಂಬರ್‌ನಲ್ಲಿ ಸಂಸತ್ತೇ ಅದನ್ನು ತೆಗೆದುಹಾಕಿತು. ಅಷ್ಟು ಹೊತ್ತಿಗೆ ಆರೂ ರಾಜ್ಯಗಳು ತಮ್ಮ ತಮ್ಮ ಕಾನೂನು ಪಾಸು ಮಾಡಿಕೊಂಡಿದ್ದವು. ಹಾಗಂತ 1995ರ ಕಾಯ್ದೆಗೆ ತಾನಾಗಿ ಜೀವ ಬರಲಿಲ್ಲ, ಶಾಸನಸಭೆ ಹೊಸದಾಗಿಯೇ ಮಾಡಬೇಕು. ದೇಶದ ರಾಜಧಾನಿ ಕ್ಯಾನ್‌ಬೆರಾದ ಟೆರಿಟರಿ 2024ರಲ್ಲಿ ಮಾಡಿತು, 2025ರ ನವೆಂಬರ್ 3ರಿಂದ ಅದು ಜಾರಿಗೆ ಬಂತು. ರಾಜ್ಯಗಳಲ್ಲಿ ರೋಗಿ ಇಂತಿಷ್ಟು ತಿಂಗಳೊಳಗೆ ಸಾಯಬಹುದು ಅನ್ನುವ ಷರತ್ತಿದೆ, ಕ್ಯಾನ್‌ಬೆರಾದವರು ಅದನ್ನು ಇಟ್ಟುಕೊಳ್ಳಲಿಲ್ಲ. ಟೆರಿಟರಿ ಸುಮ್ನೆ ರಾಜ್ಯಗಳ ನಕಲು ಮಾಡಬೇಕಿಲ್ಲ ಅನ್ನೋದಕ್ಕೆ ಇದು ಒಳ್ಳೆ ಉದಾಹರಣೆ.

ಒಂದು ವಿಷಯ ಗಮನದಲ್ಲಿರಲಿ. ತೆಗೆದದ್ದು 1997ರ ತಡೆಯನ್ನು ಮಾತ್ರ. ಸೆಕ್ಷನ್ 122 ಹಾಗೇ ಇದೆ. ನಾಳೆ ಬೇರೆ ಬಹುಮತ ಬಂದರೆ ಇನ್ನೊಂದು ತಡೆ ಹಾಕಬಹುದು.

ಪ್ರಶ್ನೆ (ಇನ್ನೊಬ್ಬರು): ಅಕ್ಕಾ, ನಾನು ಕ್ಯಾನ್‌ಬೆರಾದಲ್ಲಿ ಜಿಪಿ (ಸಾಮಾನ್ಯ ವೈದ್ಯರ) ಕ್ಲಿನಿಕ್ ನೋಡಿಕೊಳ್ತೀನಿ. ನಮ್ಮ ಕಾನೂನು ಬಂದಾಯ್ತಲ್ಲ, ನಡೆಯಲಾಗದ ರೋಗಿ ಜೊತೆ ಡಾಕ್ಟರ್ ದಯಾಮರಣದ ಬಗ್ಗೆ ವೀಡಿಯೊ ಕಾಲ್‌ನಲ್ಲಿ ಮಾತಾಡಬಹುದಾ?

ಉತ್ತರ: ಬೇಡಪ್ಪ, ಇದರಲ್ಲಿ ತುಂಬಾ ಹುಷಾರಾಗಿರಿ. ಫೋನ್, ಇಂಟರ್ನೆಟ್ ಫೆಡರಲ್ ವಿಷಯ. ಆತ್ಮಹತ್ಯೆಗೆ ಪ್ರೇರಣೆ ಕೊಡುವ ಅಥವಾ ಅದರ ವಿಧಾನ ತಿಳಿಸುವ ವಿವರವನ್ನು ಅವುಗಳ ಮೂಲಕ ಕೊಡೋದು ಫೆಡರಲ್ ಕ್ರಿಮಿನಲ್ ಕೋಡ್ ಪ್ರಕಾರ ಅಪರಾಧ. ಈ ದಯಾಮರಣವೂ ಅಲ್ಲಿ ಹೇಳಿದ ‘ಆತ್ಮಹತ್ಯೆ’ಯೇ ಅಂತ 2023ರ ನವೆಂಬರ್‌ನಲ್ಲಿ ಫೆಡರಲ್ ಕೋರ್ಟ್ ಹೇಳಿದೆ. ಅದು ವಿಕ್ಟೋರಿಯಾದ ಒಬ್ಬ ಡಾಕ್ಟರ್ ಹಾಕಿದ ಕೇಸು, ಅಂದರೆ ಈ ವಿಷಯದಲ್ಲಿ ರಾಜ್ಯಗಳಿಗೂ ರಿಯಾಯಿತಿ ಇಲ್ಲ. ಅಪಾಯಿಂಟ್‌ಮೆಂಟ್ ಕೊಡೋದಕ್ಕೆ ಫೋನ್ ಮಾಡಿ. ಅರ್ಹತೆ, ಔಷಧಿ, ವಿಧಾನದ ಮಾತೆಲ್ಲ ಎದುರಿಗೆ ಕೂತೇ ಆಗಲಿ, ಬೇಕಾದರೆ ಡಾಕ್ಟರೇ ರೋಗಿಯ ಮನೆಗೆ ಹೋಗಲಿ. ಕ್ಯಾನ್‌ಬೆರಾದಲ್ಲಿ ಇದು ಹೇಗೋ ಆಗುತ್ತೆ. ಡಾರ್ವಿನ್‌ನಿಂದ ನೂರಾರು ಕಿಲೋಮೀಟರ್ ಆಚೆ ಇರುವವರಿಗೆ ಕಾನೂನು ಬಂದರೂ ಈ ಫೋನ್ ನಿಯಮವೇ ದೊಡ್ಡ ತೊಡಕಾಗುತ್ತೆ. ಅದನ್ನು ಬದಲಿಸುವ ಅಧಿಕಾರ ಡಾರ್ವಿನ್‌ಗೆ ಇಲ್ಲ, ಫೆಡರಲ್ ಸಂಸತ್ತಿಗೆ ಮಾತ್ರ ಇದೆ. ನಿಮ್ಮ ಸಂಸದರಿಗೆ ಪತ್ರ ಬರೆಯುವಾಗ ಕೇಳಬೇಕಾದದ್ದು ಇದನ್ನೇ.