ಅಪ್ಪನನ್ನು ಹಾಸ್ಪೈಸ್‌ಗೆ ಸೇರಿಸಿದರೆ ಕೈಬಿಟ್ಟ ಹಾಗಾಗುತ್ತಾ?

ತಿಪಟೂರು_ಕೊಬ್ಬರಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮಪ್ಪನಿಗೆ 67 ವರ್ಷ. ಬಸ್ ಕಂಡಕ್ಟರ್ ಆಗಿದ್ದವರು. ರಾತ್ರಿ ಡ್ಯೂಟಿಯಲ್ಲಿ ತೂಕಡಿಕೆ ಬರಬಾರದು ಅಂತ ಶುರು ಮಾಡಿದ ಹೊಗೆಸೊಪ್ಪು ರಿಟೈರ್ ಆದ ಮೇಲೂ ಬಿಡಲಿಲ್ಲ. ಎಡಗೆನ್ನೆಯಲ್ಲಿ ಕ್ಯಾನ್ಸರ್. ಆಪರೇಷನ್, ರೇಡಿಯೇಷನ್ ಎಲ್ಲ ಆಯ್ತು. ಈಗ ಮತ್ತೆ ಬಂದಿದೆ, ಕುತ್ತಿಗೆಗೂ ಇಳಿದಿದೆ. ಹೋದ ವಾರ ಡಾಕ್ಟರ್, "ಇನ್ನು ಕೀಮೋ ಕೊಟ್ಟರೆ ದೇಹ ತಡೆಯಲ್ಲ. ನೋವು ಕಡಿಮೆ ಮಾಡೋ ಕಡೆ ನೋಡೋಣ" ಅಂದರು. ಹಾಸ್ಪೈಸ್‌ನಲ್ಲಿ, ಅಂದರೆ ವಾಸಿ ಆಗದ ಕಾಯಿಲೆಯವರ ನೋವು, ಆರೈಕೆ ನೋಡ್ಕೊಳ್ಳೋ ಜಾಗದಲ್ಲಿ, ವಿಚಾರಿಸಿ ಅಂತ ಒಂದು ಚೀಟಿಯನ್ನೂ ಬರೆದುಕೊಟ್ಟರು.

ಸದ್ಯ ಬೆಂಗಳೂರಲ್ಲಿ ನಮ್ಮ ಜೊತೆ ಇದ್ದಾರೆ. ಮೂಗಿನ ಪೈಪಿನಲ್ಲೇ ಗಂಜಿ, ಹಾಲು. ಕೆನ್ನೆಯ ಗಾಯ ಹೊರಗೆ ಒಡೆದಿದೆ, ವಾಸನೆ ಇಡೀ ಮನೆಗೆ ಬರುತ್ತದೆ. ನನ್ನ ಮಗಳಿಗೆ ಎಂಟು ವರ್ಷ, ಅವಳನ್ನು ಆ ಕೋಣೆಗೆ ಬಿಡ್ತಿಲ್ಲ. ಅಮ್ಮ ಯಾವಾಗ ಮಲಗ್ತಾರೋ ಗೊತ್ತಿಲ್ಲ. "ನಾನು ಇರೋ ತನಕ ಬೇರೆಯವರ ಕೈಗೆ ಕೊಡಲ್ಲ" ಅಂತಾರೆ. ದೊಡ್ಡಪ್ಪ ಊರಿಂದ ಫೋನ್ ಮಾಡಿ "ಹೆತ್ತಪ್ಪನ್ನ ಆಶ್ರಮಕ್ಕೆ ಹಾಕ್ತೀಯೇನೋ?" ಅಂತ ಬೈದರು.

ಅಪ್ಪನಿಗೆ ಮಾತು ಸರಿಯಾಗಿ ಬರಲ್ಲ. ಹಳೇ ಡೈರಿಯಲ್ಲಿ ಬರೆದು ತೋರಿಸ್ತಾರೆ. ಮೊನ್ನೆ "ವಾಸಿ ಆಗುತ್ತಾ?" ಅಂತ ಬರೆದರು. ನನಗೆ ಬಾಯೇ ಬರಲಿಲ್ಲ. ಹಿಂದೆ ನಿಂತಿದ್ದ ಅಮ್ಮ ಡೈರಿ ತಗೊಂಡು ಮುಚ್ಚಿಟ್ಟರು.

ಇಂಥದ್ದನ್ನು ನೋಡಿದವರು ಹೇಳಿ. ಸೇರಿಸೋದಾ, ಮನೆಯಲ್ಲೇ ಇಟ್ಕೊಳ್ಳೋದಾ? ಅಪ್ಪನಿಗೆ ಏನು ಹೇಳೋದು?

ನೇರ_ಮಾತು:

ಕಷ್ಟ ಅರ್ಥ ಆಗುತ್ತೆ. ಆದರೂ ಹೇಳ್ತೀನಿ, ಇದೆಲ್ಲ ಫಾರಿನ್ನಿಂದ ಬಂದಿದ್ದು. ನಮ್ಮಲ್ಲಿ ಹಿರಿಯರು ಮನೆಯಲ್ಲೇ, ಮಕ್ಕಳ ಕೈಯಲ್ಲಿ ನೀರು ಕುಡಿದು ಹೋಗ್ತಿದ್ದರು. ಅಲ್ಲಿಗೆ ಸೇರಿಸಿದರೆ ಮುಗೀತು ಅಂತ ಅವರಿಗೇ ಗೊತ್ತಾಗಿಬಿಡುತ್ತೆ. ಮಾರ್ಫಿನ್ ಅನ್ನೋ ನೋವಿನ ಔಷಧಿ ಕೊಟ್ಟು ಮಲಗಿಸಿಬಿಡ್ತಾರಂತೆ. ಯೋಚನೆ ಮಾಡಿ.

ಬ್ಯಾಗು_ಹೊತ್ತ_ಸಿಸ್ಟರ್:

ನಾನು ರಿಟೈರ್ ಆದ ನರ್ಸ್. ಆಸ್ಪತ್ರೆ ವಾರ್ಡಿನಲ್ಲಿ ಒಂದಷ್ಟು ಕಾಲ, ಆಮೇಲೆ ಬ್ಯಾಗು ತಗಲಿಸಿಕೊಂಡು ಬೆಂಗಳೂರಿನ ಮನೆಮನೆಗೆ ಹೋಗಿ ಕ್ಯಾನ್ಸರ್ ಪೇಷೆಂಟ್‌ಗಳನ್ನು ನೋಡುವ ಕೆಲಸ. ನಿಮ್ಮಪ್ಪನಂಥ ಗಾಯ ಬಹಳ ನೋಡಿದ್ದೇನೆ. ನಮ್ಮ ಕಡೆ ಬಾಯಿ ಕ್ಯಾನ್ಸರ್‌ಗೆ ಬರವಿಲ್ಲ, ಹೊಗೆಸೊಪ್ಪಿನ ಪುಣ್ಯ.

ಮೊದಲು ವಾಸನೆ ವಿಷಯ. ಉಳಿದದ್ದೆಲ್ಲ ಆಮೇಲೆ. ಸುಮ್ನೆ ಹೇಳ್ತಿಲ್ಲ. ಆ ವಾಸನೆಯಿಂದಲೇ ಮೊಮ್ಮಗಳು ಹೊರಗೆ ಇದ್ದಾಳೆ, ನೆಂಟರು ಬಾಗಿಲಲ್ಲೇ ಮಾತಾಡಿಸಿ ಹೋಗ್ತಾರೆ. ನಿಮ್ಮಪ್ಪನಿಗೂ ಅದು ಗೊತ್ತು. ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಕುದಿಸಿ, ಆರಿಸಿ. ಹಳೇ ಬಟ್ಟೆಯನ್ನು, ಅಂದರೆ ಡ್ರೆಸ್ಸಿಂಗನ್ನು, ಒಣಗಿದ್ದಾಗ ಕೀಳಬೇಡಿ. ಈ ನೀರಿನಲ್ಲಿ ಚೆನ್ನಾಗಿ ನೆನೆಸಿ, ಅದೇ ಬಿಟ್ಟುಕೊಂಡು ಬರಬೇಕು. ಕಿತ್ತರೆ ರಕ್ತ ಬರುತ್ತದೆ. ಗಾಯಕ್ಕೆ ನೀರು ಹುಯ್ದು ತೊಳೆಯಬೇಕು, ಉಜ್ಜಬಾರದು. ಮೆಟ್ರೋನಿಡಜೋಲ್ ಮಾತ್ರೆ ಅಂತ ಸಿಗುತ್ತದೆ, ಭೇದಿಗೆ ಕೊಡೋದು. ಅದನ್ನು ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಿ, ಮೇಲೆ ಗಾಜ್ ಬಟ್ಟೆ ಮುಚ್ಚುತ್ತೇವೆ. ಡಾಕ್ಟರನ್ನು ಒಂದು ಮಾತು ಕೇಳಿ ಶುರು ಮಾಡಿ. ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಸಾಯುತ್ತವೆ, ಕೆಲವೇ ದಿನದಲ್ಲಿ ಮನೆಯ ಗಾಳಿ ಬದಲಾಗುತ್ತದೆ. ಊದುಬತ್ತಿ, ರೂಮ್ ಸ್ಪ್ರೇ ಬೇಡ. ಗಾಯದ ವಾಸನೆಗೆ ಅದೂ ಸೇರಿ ಇನ್ನೂ ಕೆಟ್ಟದಾಗುತ್ತದೆ. ಹಗಲಿನಲ್ಲೂ ಸೊಳ್ಳೆಪರದೆ ಕಟ್ಟಿ. ನೊಣ ಕೂತರೆ ಹುಳ ಆಗುತ್ತದೆ, ಅದನ್ನು ನೋಡಿದ ಮನೆಯವರು ಜನ್ಮದಲ್ಲಿ ಮರೆಯಲ್ಲ.

ಕುತ್ತಿಗೆಗೆ ಇಳಿದಿದೆ ಅಂದಿರಿ. ಅಲ್ಲಿ ದೊಡ್ಡ ರಕ್ತನಾಳ ಇದೆ, ಒಮ್ಮೊಮ್ಮೆ ಜೋರಾಗಿ ರಕ್ತ ಬರಬಹುದು. ಬಂದೇ ಬರುತ್ತದೆ ಅಂತಲ್ಲ. ಆದರೂ ಕಡುಗೆಂಪೋ ಕಪ್ಪೋ ಬಣ್ಣದ ಒಂದೆರಡು ಟವೆಲ್ ಮಂಚದ ಪಕ್ಕ ಇಟ್ಟಿರಿ. ಬಿಳಿ ಬಟ್ಟೆಯ ಮೇಲೆ ರಕ್ತ ನೋಡಿದರೆ ಪೇಷೆಂಟೂ ಹೆದರುತ್ತಾರೆ, ನೀವೂ ಹೆದರುತ್ತೀರಿ. ಯಾರಿಗೆ ಫೋನ್ ಮಾಡಬೇಕು ಅಂತ ಈಗಲೇ ಡಾಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.

ನೇರ ಮಾತಿನವರಿಗೆ ನನ್ನದೂ ನೇರ ಮಾತು. ಫಾರಿನ್ನಿಂದ ಬಂದಿದ್ದು ನಿಜ. ಲಂಡನ್ನಿನಲ್ಲಿ ಸಿಸೆಲಿ ಸಾಂಡರ್ಸ್ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರು ಮಾಡಿದರು. ಆಕೆ ಮೊದಲು ನರ್ಸ್, ಡಾಕ್ಟರ್ ಓದಿದ್ದು ಆಮೇಲೆ. (ಇದನ್ನು ಹೇಳದೆ ಇರೋಕೆ ನನಗಾಗಲ್ಲ.) ಕೀಮೋ ಕೂಡ ಫಾರಿನ್ನಿಂದಲೇ ಬಂದಿದ್ದು, ಅದನ್ನು ಯಾರೂ ಬೇಡ ಅನ್ನಲ್ಲ ಅಲ್ವಾ? ಮುಂಬೈಯ ಶಾಂತಿ ಆವೇದನಾ ಸದನ 1986ರಲ್ಲೇ ಬಂತು. ಬೆಂಗಳೂರಿನ ಕರುಣಾಶ್ರಯದ ಟ್ರಸ್ಟ್ 1994ರದ್ದು, ಮಾರತ್ತಹಳ್ಳಿ ಕಡೆ ಅವರ ಹಾಸ್ಪೈಸ್ ಶುರುವಾಗಿದ್ದು 1999ರಲ್ಲಿ. ದುಡ್ಡು ತಗೊಳ್ಳಲ್ಲ. ಕೋಳಿಕ್ಕೋಡ್‌ನಲ್ಲಿ 1993ರಿಂದ ಈ ಕೆಲಸ ನಡೀತಿದೆ, ಅಲ್ಲಿ ಅಕ್ಕಪಕ್ಕದವರೇ ತರಬೇತಿ ತಗೊಂಡು ಪೇಷೆಂಟ್ ಮನೆಗೆ ಹೋಗ್ತಾರೆ. ಹಿಂದೆ ಹಿರಿಯರು ಮನೆಯಲ್ಲೇ ಹೋಗ್ತಿದ್ದರು, ಸರಿ. ನೋವಿನಲ್ಲಿ ಕಿರುಚಿಕೊಂಡೂ ಹೋಗ್ತಿದ್ದರು. ಅದನ್ನು ಯಾರೂ ಹೇಳಲ್ಲ.

ಮಾರ್ಫಿನ್ ಕೊಟ್ಟರೆ ಬೇಗ ಹೋಗ್ತಾರೆ ಅನ್ನೋದು ಸುಳ್ಳು. ಸಣ್ಣ ಡೋಸಿನಿಂದ ಶುರು ಮಾಡಿ, ನೋವು ನೋಡಿಕೊಂಡು ಏರಿಸ್ತಾರೆ. ಸಾಮಾನ್ಯ ಮಾತ್ರೆ ಆದರೆ ನಾಲ್ಕು ಗಂಟೆಗೊಮ್ಮೆ. ಪುಡಿ ಮಾಡಿ ಪೈಪಿನಲ್ಲೂ ಕೊಡಬಹುದು. ಆದರೆ ನಿಧಾನವಾಗಿ ಬಿಡುವ ಜಾತಿಯ ಮಾತ್ರೆ ಇದೆಯಲ್ಲ, ಅದನ್ನು ಮಾತ್ರ ಪುಡಿ ಮಾಡಲೇಬಾರದು. ಮೊದಲ ಒಂದೆರಡು ದಿನ ಮಂಪರು, ವಾಕರಿಕೆ ಇರಬಹುದು, ಆಮೇಲೆ ಹೋಗುತ್ತದೆ. ಮಲಬದ್ಧತೆ ಮಾತ್ರ ಹೋಗಲ್ಲ. ಮಾರ್ಫಿನ್ ಚೀಟಿಯಲ್ಲಿ ಮಲ ಸಡಿಲ ಮಾಡುವ ಔಷಧಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮೂಲೆ ಮೆಡಿಕಲ್ ಸ್ಟೋರಿನಲ್ಲಿ ಮಾರ್ಫಿನ್ ಸಿಗಲ್ಲ, ಮಾನ್ಯತೆ ಇರುವ ಆಸ್ಪತ್ರೆಗಳಲ್ಲೇ ಕೊಡೋದು. ಎಷ್ಟೋ ಜನ ಇದಕ್ಕೋಸ್ಕರವೇ ಹಾಸ್ಪೈಸ್‌ಗೆ ಬಂದು, ನೋವು ಹತೋಟಿಗೆ ಬಂದ ಮೇಲೆ ಮನೆಗೆ ವಾಪಸ್ ಹೋಗ್ತಾರೆ. ಸೇರಿಸಿದರೆ ಮುಗೀತು ಅಂತಲ್ಲ.

ಈಗ ನಿಮ್ಮಮ್ಮ. ಆಕೆಗೆ "ನಿನ್ನ ಕೈಲಿ ಆಗಲ್ಲ, ಸೇರಿಸೋಣ" ಅನ್ನಬೇಡಿ. ಅದು ಆಕೆಯ ಕೆಲಸ ಕಿತ್ತುಕೊಂಡ ಹಾಗೆ. "ನಾಲ್ಕು ದಿನ ಗಾಯ, ನೋವು ಅವರು ನೋಡ್ಕೊಳ್ಳಲಿ, ನೀನು ಅಪ್ಪನ ಪಕ್ಕ ಕೂತ್ಕೋ" ಅನ್ನಿ. ಎಷ್ಟೋ ಹೆಂಗಸರು ಗಂಡನ ಡ್ರೆಸ್ಸಿಂಗ್, ಪೈಪು, ಬಟ್ಟೆ ಒಗೆಯೋದು ಅಂತ ಓಡಾಡಿ, ಆತನ ಕೈ ಹಿಡಿದು ಐದು ನಿಮಿಷ ಕೂತಿರಲ್ಲ.

ಡೈರಿಯ ಪ್ರಶ್ನೆಗೆ ಬರ್ತೀನಿ. ಅವರಿಗೆ ಗೊತ್ತಿದೆ. ಕನ್ನಡಿ ನೋಡ್ಕೊಳ್ಳಲ್ವಾ? ಗೊತ್ತಿಲ್ಲದೆ ಯಾರೂ ಆ ಪ್ರಶ್ನೆ ಬರೆಯಲ್ಲ. ವಾಸಿ ಆಗುತ್ತೆ ಅನ್ನಲೂ ಬೇಡಿ, ಆಗಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಲೂ ಬೇಡಿ. ಡೈರಿಯನ್ನು ಅವರ ಕೈಗೇ ವಾಪಸ್ ಕೊಟ್ಟು, "ನಿಮಗೆ ಏನನ್ನಿಸ್ತಿದೆ ಅಪ್ಪಾ?" ಅಂತ ಕೇಳಿ. ಅವರು ಎಲ್ಲಿಯವರೆಗೆ ಬರೀತಾರೋ ಅಲ್ಲಿಯವರೆಗೆ ಮಾತ್ರ ನೀವೂ ಹೋಗಿ. ಕೆಲವರು ಸಾವಿನ ಮಾತೇ ಎತ್ತಲ್ಲ, ಎಲ್ಐಸಿ ಬಾಂಡ್ ಎಲ್ಲಿದೆ ಅಂತ ಬರೀತಾರೆ. ಅದೂ ಅದೇ ಮಾತು. ಕೂತು ಓದಿ, ಬಾಂಡ್ ತಂದು ತೋರಿಸಿ.

ಕಬ್ಬಿನಗದ್ದೆ_ಮಂಡ್ಯ:

ಸಿಸ್ಟರ್ ಹೇಳಿದ್ದೆಲ್ಲ ಖರೆ. ನಮ್ಮನೆಯವಳು ಸ್ತನದ ಕ್ಯಾನ್ಸರ್‌ನಲ್ಲಿ ಹೋದಳು, ಕೊನೆಗೆ ಮನೆಯಲ್ಲೇ ಇದ್ದಳು. ಎರಡು ವಿಷಯ ಸೇರಿಸ್ತೀನಿ.

ಮನೆಯಲ್ಲೇ ಇಟ್ಕೊಳ್ಳೋದಾದರೆ, ಕೊನೆಗೆ ಬಂದು ನೋಡಿ ಸಾವಿನ ಸರ್ಟಿಫಿಕೇಟ್ ಬರೆದುಕೊಡೋ ಡಾಕ್ಟರ್ ಯಾರು ಅಂತ ಮೊದಲೇ ಗೊತ್ತು ಮಾಡ್ಕೊಳ್ಳಿ. ನಮಗೆ ಆಗ ಯಾರೂ ಸಿಗಲಿಲ್ಲ. ಆ ಹೊತ್ತಿನಲ್ಲಿ ಮಗ ಸ್ಕೂಟರ್ ಹತ್ತಿ ಡಾಕ್ಟರ್ ಹುಡುಕ್ತಾ ತಿರುಗಿದ. ಸ್ಮಶಾನದಲ್ಲೂ ಕೇಳ್ತಾರೆ, 21 ದಿನದೊಳಗೆ ಮರಣ ನೋಂದಣಿ ಮಾಡಿಸಬೇಕಲ್ಲ, ಅಲ್ಲೂ ಕೇಳ್ತಾರೆ. ಹಾಸ್ಪೈಸ್‌ನ ಹೋಮ್ ಕೇರ್ ತಂಡದ ಹತ್ತಿರ ಹೆಸರು ಬರೆಸಿದ್ದರೆ ಈ ಗೋಳು ತಪ್ಪುತ್ತಿತ್ತು.

ಇನ್ನೊಂದು, ಆಮೇಲಿನ ದಿನಗಳ ಬಗ್ಗೆ. ಹಾಲುತುಪ್ಪ, ಹನ್ನೊಂದನೇ ದಿನದ ಕಾರ್ಯ ಅಂತ ಮನೆ ತುಂಬ ಜನ ಇರ್ತಾರೆ. ಯಾರು ಬಡಿಸಬೇಕು, ಯಾರ ಮನೆಗೆ ಹೇಳಿಲ್ಲ ಅನ್ನೋದರಲ್ಲೇ ಹೊತ್ತು ಹೋಗುತ್ತೆ. ಕಾರ್ಯ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ಇರೋದು ಕಷ್ಟ. ನನಗೆ ಅವಳ ಮಾತ್ರೆ ಹೊತ್ತಿಗೆ ಸರಿಯಾಗಿ ಎಚ್ಚರ ಆಗ್ತಿತ್ತು, ಎದ್ದು ನೀರು ಕಾಯಿಸೋಕೆ ಇಡ್ತಿದ್ದೆ. "ಎಲ್ಲ ಮರೆತು ಮುಂದೆ ನೋಡಿ" ಅಂತ ಎಲ್ಲರೂ ಹೇಳೋರು. ಪಕ್ಕದ ಮನೆ ಶೆಟ್ಟರು ಮಾತ್ರ ಸಂಜೆ ಬಂದು ಜಗುಲಿಯಲ್ಲಿ ಕೂತು ಅವಳು ಮಾಡ್ತಿದ್ದ ಬಸ್ಸಾರಿನ ವಿಷಯ ಎತ್ತೋರು. ಅವರ ಹತ್ತಿರ ಮಾತ್ರ ಅತ್ತೆ.

ತಿಪಟೂರು_ಕೊಬ್ಬರಿ:

ಎಲ್ಲರಿಗೂ ಧನ್ಯವಾದ. ಸಿಸ್ಟರ್, ಆ ಮಾತ್ರೆ ಪುಡಿ ಡಾಕ್ಟರನ್ನು ಕೇಳಿ ಶುರು ಮಾಡಿದೆವು. ಇವತ್ತು ಅಮ್ಮ ತಾವೇ ಕಿಟಕಿ ಮುಚ್ಚಿದರು, ಅಷ್ಟರ ಮಟ್ಟಿಗೆ ಕಡಿಮೆ ಆಗಿದೆ.

ಡೈರಿ ಕೊಟ್ಟು ಕೇಳಿದೆ. ಬಹಳ ಹೊತ್ತು ಬರೆಯಲೇ ಇಲ್ಲ. ಆಮೇಲೆ "ನಿಮ್ಮಮ್ಮನಿಗೆ ಪಿಂಚಣಿ ಬ್ಯಾಂಕ್ ತೋರಿಸು. ಅವಳಿಗೆ ಎಟಿಎಂ ಬರಲ್ಲ" ಅಂತ ಬರೆದರು. ನೀವು ಹೇಳಿದ ಹಾಗೇ ಆಯ್ತು. ಕೆಳಗೆ ಇನ್ನೊಂದು ಸಾಲು, "ಪಾಪು ಯಾಕೆ ಬರಲ್ಲ?"

ಅದಕ್ಕೇ ಕೇಳ್ತಿರೋದು. ಮಗಳನ್ನು ಕಳಿಸಬಹುದಾ? ಅವಳು ನನ್ನ ಹೆಂಡತಿಯ ಹತ್ತಿರ "ತಾತಂದು ನನಗೂ ಅಂಟುತ್ತಾ?" ಅಂತ ಕೇಳಿದ್ದಾಳೆ. ಮತ್ತೆ ದೊಡ್ಡಪ್ಪ ಇನ್ನೊಂದು ಹುಳ ಬಿಟ್ಟಿದ್ದಾರೆ. ಕೊನೆಗೆ ಉಸಿರಾಟ ಕಷ್ಟ ಆದರೆ ದೊಡ್ಡ ಆಸ್ಪತ್ರೆಗೆ ಸೇರಿಸಿ ವೆಂಟಿಲೇಟರ್ ಹಾಕಿಸಬೇಕಂತೆ.

ಬ್ಯಾಗು_ಹೊತ್ತ_ಸಿಸ್ಟರ್:

ಕಳಿಸಿ. ಮೊದಲು ಅಂಟಲ್ಲ ಅಂತ ನೇರವಾಗಿ ಹೇಳಿ, ಕ್ಯಾನ್ಸರ್ ಮುಟ್ಟಿದರೆ ಬರೋ ಕಾಯಿಲೆ ಅಲ್ಲ. ತಾತನ ಕೆನ್ನೆಗೆ ದೊಡ್ಡ ಬಟ್ಟೆ ಕಟ್ಟಿದೆ, ಮೂಗಲ್ಲಿ ಪೈಪ್ ಇದೆ, ಮಾತು ಬರಲ್ಲ, ಬರೆದು ತೋರಿಸ್ತಾರೆ ಅಂತ ಒಳಗೆ ಹೋಗೋ ಮುಂಚೆ ವಿವರಿಸಿ. ಹೊಸ ಡ್ರೆಸ್ಸಿಂಗ್ ಆದ ಮೇಲೆ ಕರೆದುಕೊಂಡು ಹೋಗಿ. ಅವಳು ಸಾಕು ಅಂದಾಗ ಹೊರಗೆ ಬರಲಿ, ಬಲವಂತ ಬೇಡ. ಎಂಟು ವರ್ಷದವಳು, ಓದು ಬರೋ ಮಗು. ಅವಳಿಗೂ ಒಂದು ಪೆನ್ಸಿಲ್ ಕೊಡಿ, ತಾತ ಮೊಮ್ಮಗಳು ಬರ್ಕೊಂಡು ಮಾತಾಡಲಿ.

ಮುಂದೆ ಆ ದಿನ ಬಂದಾಗ "ತಾತ ಮಲಗಿದ್ದಾರೆ", "ಊರಿಗೆ ಹೋಗಿದ್ದಾರೆ" ಅನ್ನಬೇಡಿ. ಹಾಗೆ ಹೇಳಿಸಿಕೊಂಡ ಮಗು ರಾತ್ರಿ ಮಲಗೋಕೆ ಹೆದರಿದ್ದನ್ನು ನೋಡಿದ್ದೇನೆ. ಸತ್ತು ಹೋದರು, ಇನ್ನು ವಾಪಸ್ ಬರಲ್ಲ, ನಮಗೆಲ್ಲ ದುಃಖ ಆಗಿದೆ ಅಂತ ಹೇಳಿ. ಅವಳ ಮುಂದೆ ನೀವು ಅತ್ತರೂ ಪರವಾಗಿಲ್ಲ.

ವೆಂಟಿಲೇಟರ್ ವಿಷಯದಲ್ಲಿ ನಿಮ್ಮ ದೊಡ್ಡಪ್ಪ ಕೆಟ್ಟವರಲ್ಲ ಕಣಪ್ಪ. ದೂರದಲ್ಲಿದ್ದಾರೆ, ತಮ್ಮನಿಗೆ ಏನೂ ಮಾಡೋಕಾಗ್ತಿಲ್ಲ, ಅದು ಹೀಗೆ ಹೊರಗೆ ಬರ್ತಿದೆ. ಒಂದು ಸಲ ಕರೆಸಿ, ನೀವು ಡ್ರೆಸ್ಸಿಂಗ್ ಮಾಡುವಾಗ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ವೆಂಟಿಲೇಟರ್ ಈ ಕ್ಯಾನ್ಸರನ್ನು ವಾಸಿ ಮಾಡಲ್ಲ. ಐಸಿಯು ಒಳಗೆ ನೀವ್ಯಾರೂ ಪಕ್ಕ ಇರೋಕಾಗಲ್ಲ. ನನಗೆ ಇಂಥದ್ದು ಬೇಡ ಅಂತ ಮೊದಲೇ ಬರೆದಿಡೋದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ, 2023ರಲ್ಲಿ ವಿಧಾನವನ್ನು ಸರಳ ಮಾಡಿದೆ. ಅಪ್ಪ ಬರೆಯೋ ಸ್ಥಿತಿಯಲ್ಲಿದ್ದಾರೆ. ಅವರನ್ನೇ ಕೇಳಿ, ಡಾಕ್ಟರಿಗೂ ತಿಳಿಸಿ. ಅಣ್ಣನ ಮಾತಿಗಿಂತ ಅವರ ಮಾತೇ ದೊಡ್ಡದು.

ಕೊನೆ ಹತ್ತಿರ ಬಂದಾಗ ಪೈಪಿನಲ್ಲಿ ಹಾಕೋ ಗಂಜಿ ಕಡಿಮೆ ಮಾಡಿ ಅಂತ ನಾವು ಹೇಳ್ತೇವೆ. ಅಮ್ಮ ಒಪ್ಪಲ್ಲ, ಈಗಲೇ ಹೇಳ್ತೀನಿ ನೋಡಿ. "ಹೊಟ್ಟೆಗಿಲ್ಲದೆ ಕಳಿಸ್ತೀರಾ" ಅಂತಾರೆ. ದೇಹಕ್ಕೆ ಆಗ ಬೇಕಾಗಿರಲ್ಲ. ಜಾಸ್ತಿ ಹಾಕಿದರೆ ಹೊಟ್ಟೆ ಉಬ್ಬುತ್ತೆ, ಗಂಟಲಿಗೆ ಬರುತ್ತೆ, ಕೆಮ್ಮು ಹೆಚ್ಚುತ್ತೆ. ಗಾಜ್ ಬಟ್ಟೆ ಒದ್ದೆ ಮಾಡಿ ತುಟಿ, ನಾಲಿಗೆ ಒರೆಸೋ ಕೆಲಸ ಅಮ್ಮನಿಗೆ ಕೊಡಿ. ಗಂಟಲಲ್ಲಿ ಗೊರಗೊರ ಸದ್ದು ಬರಬಹುದು. ಕೇಳೋಕೆ ಭಯ ಆಗುತ್ತೆ, ಆದರೆ ಆ ಹೊತ್ತಿಗೆ ಪ್ರಜ್ಞೆ ಕಡಿಮೆ ಇರೋದರಿಂದ ಅವರಿಗೆ ಅಷ್ಟು ತೊಂದರೆ ಆಗಲ್ಲ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿದರೆ ಕಡಿಮೆ ಆಗುತ್ತೆ.

ಆಮೇಲೆ ಅಮ್ಮ ದಿನಗಟ್ಟಲೆ ಊಟ ಬಿಟ್ಟರೆ, ನಾನೂ ಹೋಗ್ತೀನಿ ಅನ್ನೋ ಮಾತು ಆಡಿದರೆ ಸುಮ್ನೆ ಬಿಡಬೇಡಿ. ಮನಸ್ಸಿನ ಕಷ್ಟಕ್ಕೆ ಇರೋ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ತಿಪಟೂರು_ಕೊಬ್ಬರಿ:

ಸೋಮವಾರ ಹಾಸ್ಪೈಸ್‌ಗೆ ಹೋಗಿ ಮಾತಾಡ್ತೀವಿ. ಅಮ್ಮನೂ ಬರ್ತಾರಂತೆ. "ನೋಡ್ಕೊಂಡು ಬರೋಣ, ಅಷ್ಟೇ" ಅಂತ ಹತ್ತು ಸಲ ಹೇಳಿದ್ದಾರೆ. ಏನೇನು ತಗೊಂಡು ಹೋಗಬೇಕು ಸಿಸ್ಟರ್? ಅಪ್ಪನಿಗೆ ಬೆಳಿಗ್ಗೆ ರೇಡಿಯೋ ಬೇಕೇ ಬೇಕು, ಸೇರಿಸೋದಾದರೆ ಅಲ್ಲಿ ಬಿಡ್ತಾರಾ?

ಬ್ಯಾಗು_ಹೊತ್ತ_ಸಿಸ್ಟರ್:

ಡಾಕ್ಟರ್ ಕೊಟ್ಟ ಚೀಟಿ, ಆಪರೇಷನ್ನಿಂದ ಇಲ್ಲಿಯವರೆಗಿನ ಪೂರ್ತಿ ಫೈಲು, ಬಯಾಪ್ಸಿ ರಿಪೋರ್ಟು, ಅಪ್ಪನ ಮತ್ತು ನಿಮ್ಮ ಆಧಾರ್. ಈಗ ಕೊಡ್ತಿರೋ ಮಾತ್ರೆಗಳ ಹೆಸರು ಬರೆಯೋ ಬದಲು ಡಬ್ಬಿ ಸಮೇತ ತಗೊಂಡು ಹೋಗಿ. ಬೆಳಿಗ್ಗೆ ಫೋನ್ ಮಾಡಿ ಹೊರಡಿ, ಹಾಸಿಗೆ ಖಾಲಿ ಇದೆಯಾ ಅಂತಲೂ ಗೊತ್ತಾಗುತ್ತೆ. ಅಮ್ಮನಿಗೆ ವಾರ್ಡ್ ತೋರಿಸಿ ಅಂತ ಅಲ್ಲಿನ ಸಿಸ್ಟರ್‌ಗಳನ್ನು ಕೇಳಿ, ತೋರಿಸ್ತಾರೆ.

ರೇಡಿಯೋ ವಿಷಯ ಅಲ್ಲೇ ಕೇಳಿ. ನನಗೆ ಗೊತ್ತಿದ್ದ ಮಟ್ಟಿಗೆ ಯಾರೂ ಬೇಡ ಅನ್ನಲ್ಲ, ಪಕ್ಕದ ಹಾಸಿಗೆಯವರಿಗೋಸ್ಕರ ಇಯರ್‌ಫೋನ್ ಮಾತ್ರ ಇಟ್ಕೊಳ್ಳಿ. ಬಲಗಿವಿಗೆ ಹಾಕಿ, ಎಡಗಡೆ ಗಾಯಕ್ಕೆ ತಾಗಬಾರದು.